"ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದೇನೆ, ಸಾಂಕ್ರಾಮಿಕ ಬಂದರೆ ಸ್ವಯಂಸೇವೆಗೆ ಹೋಗಬೇಕಾ, ಓದು ಹಾಳಾಗುತ್ತಾ? ಬರೀ ಫೋನ್ ಕೆಲಸ ಕೊಟ್ಟರೆ ಏನು ಉಪಯೋಗ?" ಅಂತ ಕೇಳಿದ್ದೀರಿ.

2021ರ ಕೋವಿಡ್ ಎರಡನೇ ಅಲೆಯಲ್ಲಿ ನಾನು ಬೆಂಗಳೂರಲ್ಲಿ ಫೈನಲ್ ಇಯರ್. ನನಗೂ ಪಿಪಿಇ ಕಿಟ್ ಹಾಕಿಕೊಂಡು ವಾರ್ಡಿನಲ್ಲಿ ನಿಲ್ಲುವ ಆಸೆ. ಮೇ 3ಕ್ಕೆ ಕೇಂದ್ರ ಸರ್ಕಾರ, ಕೋವಿಡ್ ಕೆಲಸಕ್ಕೆ ಜನ ಸಿಗಲಿ ಅಂತ, ನೀಟ್ ಪಿಜಿಯನ್ನು (ಎಂಬಿಬಿಎಸ್ ಆದಮೇಲೆ ಎಂಡಿ, ಎಂಎಸ್ ಸೀಟಿಗೆ ಬರೆಯುವ ಪರೀಕ್ಷೆ) ಕನಿಷ್ಠ 4 ತಿಂಗಳು ಮುಂದೂಡಿತು. ಇಂಟರ್ನ್‌ಗಳಿಗೆ ಕೋವಿಡ್ ಡ್ಯೂಟಿ, ಫೈನಲ್ ಇಯರ್‌ನವರಿಗೆ ಅಧ್ಯಾಪಕರ ಉಸ್ತುವಾರಿಯಲ್ಲಿ ಟೆಲಿ ಕನ್ಸಲ್ಟೇಷನ್, ಅಂದರೆ ಫೋನು. ಭಾರೀ ಬೇಜಾರಾಗಿತ್ತು.

ಹೋಂ ಐಸೊಲೇಷನ್‌ನಲ್ಲಿ ಇದ್ದವರಿಗೆ ಫೋನ್ ಮಾಡಿ ಜ್ವರ, ಉಸಿರಾಟ, ಬೆರಳಿಗೆ ಹಾಕುವ ಆಕ್ಸಿಮೀಟರ್ ತೋರಿಸುವ ಆಕ್ಸಿಜನ್ ಕೇಳಿ ಶೀಟಿಗೆ ತುಂಬಬೇಕಿತ್ತು. ಒಬ್ಬ ಅಮ್ಮ "ತೊಂಬತ್ತೆಂಟು ಇದೆ ಡಾಕ್ಟ್ರೇ" ಅಂದರು. ಆದರೆ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಏದುಸಿರು. "ಅಮ್ಮಾ, ಅದರಲ್ಲಿ ಇನ್ನೊಂದು ನಂಬರ್ ಇದೆಯಲ್ಲ, ಅದೆಷ್ಟು?" ಅಂದೆ. "ಅದಾ? ಎಂಬತ್ತೊಂಬತ್ತು." ಅವರು ಮೊದಲು ಓದಿದ್ದು ನಾಡಿಬಡಿತ, ಆಕ್ಸಿಜನ್ ಎಂಬತ್ತೊಂಬತ್ತಕ್ಕೆ ಇಳಿದಿತ್ತು! ಉಸ್ತುವಾರಿಯ ಸರ್ ಬೆಡ್ಡಿಗಾಗಿ ವಾರ್ ರೂಮಿಗೆ, ಅಂದರೆ ಬೆಡ್ ಹಂಚುವ ಕೋವಿಡ್ ಕೇಂದ್ರಕ್ಕೆ, ಫೋನ್ ಹಚ್ಚಿದರು. ನಾನು ಆ ಅಮ್ಮನ ಮಗನಿಗೆ, ಉಸಿರಾಟ ಸಲೀಸಾಗಲು ಅವರನ್ನು ಬೋರಲು ಮಲಗಿಸುವುದನ್ನು ಹೇಳಿಕೊಟ್ಟೆ: ಕುತ್ತಿಗೆ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆಯವರೆಗೆ ಒಂದೆರಡು, ಕಣಕಾಲಿನ ಕೆಳಗೆ ಎರಡು. ಅಷ್ಟು ದಿಂಬು ಯಾರ ಮನೇಲಿ ಇರುತ್ತೆ ಹೇಳಿ, ಕಂಬಳಿ ಸುತ್ತಿ ಇಡಿಸಿದೆ. ಇದನ್ನು "ಬರೀ ಫೋನ್ ಕೆಲಸ" ಅನ್ನಬೇಡಿ.

ನಾನು ಕೆಟ್ಟಿದ್ದು ಬೇರೆ ಕಡೆ. "ಟ್ರಯಾಜ್ ಟೇಬಲ್‌ಗೆ ಜನ ಸಾಲದು, ಯಾರಾದರೂ ಬನ್ನಿ" ಅಂತ ಸೀನಿಯರ್ ಒಬ್ಬರು ವಾಟ್ಸಾಪ್ ಗ್ರೂಪಲ್ಲಿ ಹಾಕಿದರು. ಬಂದ ರೋಗಿಗಳಲ್ಲಿ ಯಾರಿಗೆ ಮೊದಲು ಚಿಕಿತ್ಸೆ ಅಂತ ವಿಂಗಡಿಸುವ ಜಾಗ ಅದು. ಹೋಗಿಬಿಟ್ಟೆ. ಆರ್ಡರ್ ಇಲ್ಲ, ರೋಸ್ಟರಲ್ಲಿ ಹೆಸರಿಲ್ಲ, ನನ್ನ ಮೇಲೆ ಯಾರು ಅನ್ನೋದೂ ಗೊತ್ತಿಲ್ಲ. ಆ ಗಡಿಬಿಡಿಯಲ್ಲಿ ಕಾಗದ ಕೇಳುವುದು ಸಣ್ಣತನ ಅನಿಸಿತ್ತು. ಪಾಸಿಟಿವ್ ಆಯ್ತು, ಮಲಗಿದೆ. ಮತ್ತೆ ಪೋಸ್ಟಿಂಗ್ (ವಾರ್ಡಿನ ತರಬೇತಿ) ಶುರುವಾದಾಗ ಸುಸ್ತು ಇಳಿದಿರಲಿಲ್ಲ, ರಜೆ ಕೇಳಿದರೆ ಆಫೀಸಲ್ಲಿ "ನಿನ್ನನ್ನು ಅಲ್ಲಿಗೆ ಹಾಕಿದ್ದು ಯಾರು?" ಅಂದರು. ಸೀನಿಯರ್ ಅಷ್ಟೊತ್ತಿಗೆ ಕೋರ್ಸ್ ಮುಗಿಸಿ ಊರಿಗೆ ಹೋಗಿಯಾಗಿತ್ತು. ಅಟೆಂಡೆನ್ಸ್ ಸಾಲದೆ ಒಂದು ಪೋಸ್ಟಿಂಗ್ ಪೂರ್ತಿ ಮತ್ತೆ ಮಾಡಿದೆ. 100 ದಿನ ಕೋವಿಡ್ ಡ್ಯೂಟಿ ಮಾಡಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ ಅಂತ ಅದೇ ಮೇ 3ರಂದು ಹೇಳಿದ್ದರಲ್ಲ, ನನ್ನ ಟ್ರಯಾಜ್ ದಿನಗಳು ಯಾವ ಲೆಕ್ಕಕ್ಕೂ ಬರಲಿಲ್ಲ.

ಹೋಗಲಿ, ಅದು ಸಣ್ಣದು. ಆರೋಗ್ಯ ಕಾರ್ಯಕರ್ತರಿಗೆ ಇದ್ದ 50 ಲಕ್ಷ ರೂಪಾಯಿ ವಿಮೆ ಸಿಗುತ್ತಿದ್ದುದು ಸತ್ತರೆ ಮಾತ್ರ, ಕಾಯಿಲೆ ಬಿದ್ದರೆ ಇಲ್ಲ. ಸತ್ತರೂ, ಇವರನ್ನು ಡ್ಯೂಟಿಗೆ ಹಾಕಿದ್ದೆವು ಅಂತ ಸಂಸ್ಥೆ ಬರೆದುಕೊಡಬೇಕಿತ್ತು. ನನಗೇನಾದರೂ ಆಗಿದ್ದರೆ ಅಪ್ಪ ವಾಟ್ಸಾಪ್ ಸ್ಕ್ರೀನ್‌ಶಾಟ್ ಹಿಡಿದು ಕಚೇರಿ ಕಚೇರಿ ಅಲೆಯಬೇಕಿತ್ತು.

ಹಾಗಾಗಿ ವಾರ್ಡಾ ಫೋನಾ, ಓದು ಹಾಳಾಗುತ್ತಾ ಅಂತೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಹೆಸರು, ತಾರೀಕು, ಜಾಗ, ಉಸ್ತುವಾರಿ ಯಾರು, ಇಷ್ಟನ್ನು ಬರೆದು ಸಹಿ ಮಾಡಿ ಕೊಡ್ತಾರಾ ಕೇಳಿ. ಕೊಟ್ಟರೆ ಕಣ್ಣುಮುಚ್ಚಿ ಹೋಗಿ. ಸೇವೆ, ತ್ಯಾಗ ಅಂತ ಭಾಷಣ ಬಿಗಿದು ಸಹಿಗೆ ಮಾತ್ರ ಹಿಂದೇಟು ಹಾಕಿದರೆ ಸುಮ್ನೆ ಎದ್ದು ಬನ್ನಿ. ಸ್ವಾರ್ಥಿ ಅಂದರೆ ಅನ್ನಲಿ.

ನೀವು ಇನ್ನೂ ಮೂರನೇ ವರ್ಷ ಅಂದಿರಲ್ಲ, ಇನ್ನೊಂದು ಮಾತು. ಫೋನಲ್ಲಿ ಮಾತ್ರೆ ಹೆಸರು ಕೇಳೋರು ಜಾಸ್ತಿ. ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಕೋವಿಡ್‌ನಲ್ಲಿ ಉಪಯೋಗಕ್ಕೆ ಬರೋದು ಆಕ್ಸಿಜನ್ ಬೇಕಾದವರಿಗೆ ಅಂತ 2020ರಲ್ಲೇ ಬ್ರಿಟನ್ನಿನ ರಿಕವರಿ ಅನ್ನೋ ಔಷಧ ಪ್ರಯೋಗ ತೋರಿಸಿತ್ತು, ಆದರೂ ಸ್ವಲ್ಪ ಜ್ವರ ಬಂದವರೂ ಪಕ್ಕದ ಮನೆಯವರ ಚೀಟಿ ನೋಡಿ ಸ್ಟೀರಾಯ್ಡ್ ನುಂಗುತ್ತಿದ್ದರು. ಕೇಳಿದರೆ ಬುದ್ಧಿವಂತಿಕೆ ತೋರಿಸೋಕೆ ಹೋಗದೆ ಫೋನನ್ನು ಸರ್ ಕೈಗೆ ಕೊಟ್ಟುಬಿಡಿ.