ಐದು ವರ್ಷಕ್ಕೇ ಎಲ್ಲ ಮುಗಿದುಹೋಗುತ್ತದೆಯೇ?

ಪತ್ರ: ಮಗುವಿನ ಸ್ವಭಾವ ಐದಾರು ವರ್ಷದೊಳಗೆ ಗಟ್ಟಿಯಾಗಿಬಿಡುತ್ತದೆ ಎಂದು ಮನಸ್ಸಿನ ವೈದ್ಯರಾಗಿದ್ದ ಫ್ರಾಯ್ಡ್ ಹೇಳಿದ್ದಾರಂತೆ. ನನ್ನ ಮಗನಿಗೀಗ ಒಂಬತ್ತು. ಅವನಿಗೆ ಎರಡು ವರ್ಷವಿದ್ದಾಗ ನಾನು ಕಾಯಿಲೆ ಬಿದ್ದು, ಕೆಲವು ತಿಂಗಳು ಅವನನ್ನು ಎತ್ತಿಕೊಳ್ಳಲೂ ಆಗಿರಲಿಲ್ಲ. ಇನ್ನು ಸರಿಪಡಿಸಲು ಆಗುವುದೇ ಇಲ್ಲವೇ? ನಮ್ಮ ಯಜಮಾನರು ಇದೆಲ್ಲ ಬೊಗಳೆ ಅನ್ನುತ್ತಾರೆ. ಓದಿ ತಿಳಿದುಕೊಳ್ಳೋಣವೆಂದರೆ ಎಲ್ಲಿಂದ ಶುರು ಮಾಡಬೇಕು?
– ಓದುಗರೊಬ್ಬರು

ಸಂಪಾದಕರ ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಿಂತ ಭಯ ಜಾಸ್ತಿ ಇದೆ. ಮಗ ಈಗ ಹೇಗಿದ್ದಾನೆ ಅಂತ ಒಂದು ಸಾಲೂ ಇಲ್ಲ, ಗಮನಿಸಿದಿರಾ?

ಫ್ರಾಯ್ಡ್ ಹಾಗೆ ನಂಬಿದ್ದು ನಿಜ. ಬಾಲ್ಯದ ಆಸೆಗಳು, ಅವನ್ನು ಅದುಮಿಟ್ಟ ರೀತಿ, ಇವೇ ಮುಂದೆ ಸ್ವಭಾವವಾಗುತ್ತವೆ ಎಂಬುದು ಅವರ ವಾದ. ಆದರೆ ಇದನ್ನು ಅವರು ಕಟ್ಟಿದ್ದು ಮಕ್ಕಳನ್ನು ಗಮನಿಸಿ ಅಲ್ಲ. ಚಿಕಿತ್ಸೆಗೆ ಬಂದು ಮಂಚದ ಮೇಲೆ ಮಲಗಿದ ದೊಡ್ಡವರ ನೆನಪುಗಳನ್ನು ಕೇಳಿ, ಅಲ್ಲಿಂದ ಹಿಂದಕ್ಕೆ ಹೋದರು.

ಅವರು ವಿವರವಾಗಿ ಬರೆದ ಒಂದು ಮಗುವಿನ ಕಥೆ 1909ರಲ್ಲಿ ಬಂತು. 'ಪುಟ್ಟ ಹಾನ್ಸ್'ಗೆ ಐದು ವರ್ಷ. ಕುದುರೆ ಕಚ್ಚುತ್ತದೆ, ಬೀಳುತ್ತದೆ ಎಂದು ಹೆದರಿ ಬೀದಿಗೇ ಇಳಿಯುತ್ತಿರಲಿಲ್ಲ. ಮಾತಾಡಿಸಿದ್ದು, ಬರೆದುಕೊಂಡಿದ್ದು ಎಲ್ಲ ಅವನ ಅಪ್ಪನೇ. ಚಿಕಿತ್ಸೆಗೆಂದು ಫ್ರಾಯ್ಡ್ ಹುಡುಗನನ್ನು ಕಂಡದ್ದು ಒಂದೇ ಸಲ! ಕುದುರೆಯ ಭಯ ಅಂದರೆ ಅಪ್ಪನ ಭಯ ಎಂದು ಅವರು ತೀರ್ಮಾನಿಸಿದರು. 1922ರಲ್ಲಿ, ಹತ್ತೊಂಬತ್ತು ವರ್ಷದ ಹಾನ್ಸ್ ತಾನೇ ಬಂದು ಫ್ರಾಯ್ಡ್ ಎದುರು ನಿಂತ. ಗಟ್ಟಿಮುಟ್ಟಾಗಿದ್ದ. ನಡುವೆ ಅಪ್ಪ ಅಮ್ಮ ವಿಚ್ಛೇದನ ಪಡೆದಿದ್ದರು, ಅದನ್ನೂ ದಾಟಿದ್ದ. ತನ್ನದೇ ಕಥೆ ಓದಿದರೆ ಅವನಿಗೆ ಏನೂ ನೆನಪಾಗಲಿಲ್ಲ, ಯಾರದೋ ಕಥೆ ಅನ್ನಿಸಿತ್ತು. ಮುಂದೆ ಅವನು ಹೆಸರಾಂತ ಆಪೆರಾ ನಿರ್ದೇಶಕನಾದ.

ಫ್ರಾಯ್ಡ್ ಹಾದಿಯಲ್ಲಿ ನಡೆದವರೇ ಅವರ ಮಾತನ್ನು ಪೂರ್ತಿ ಒಪ್ಪಲಿಲ್ಲ. ಜೊತೆಗಿದ್ದ ಆಡ್ಲರ್ 1911ರಲ್ಲೇ ಬೇರೆಯಾದರು. ಮನೋವಿಶ್ಲೇಷಕಿ ಕರೆನ್ ಹಾರ್ನಿಯವರಂತೂ ಹೆಣ್ಣಿನ ಬಗ್ಗೆ ಫ್ರಾಯ್ಡ್ ಹೇಳಿದ್ದು ಗಂಡಸಿನ ಕಣ್ಣಲ್ಲಿ ನೋಡಿದ್ದು ಎಂದು ಮುಖಕ್ಕೆ ಹೊಡೆದಂತೆ ಬರೆದರು. ನಿಮಗೆ ಬೇಕಾದವರು ಇನ್ನೊಬ್ಬ ಮನೋವಿಶ್ಲೇಷಕ ಎರಿಕ್ ಎರಿಕ್ಸನ್. 1950ರಲ್ಲಿ ಅವರು ಬದುಕಿಗೆ ಎಂಟು ಘಟ್ಟ ಹೇಳಿದರು, ಕೊನೆಯದು ಮುಪ್ಪು. ಮೊದಲ ವರ್ಷದ ಕೆಲಸ ನಂಬಿಕೆ ಮೂಡುವುದು. ಅಲ್ಲಿ ಕೊರತೆಯಾದರೆ ಮುಂದೆ ಕಷ್ಟ ಹೌದು, ಆದರೆ ಬಾಗಿಲೇನೂ ಮುಚ್ಚುವುದಿಲ್ಲ.

1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಒಂದು ಪ್ರಯೋಗ ಮಾಡಿದರು. ಮಗುವಿನ ಜೊತೆ ಆಡುತ್ತಿದ್ದ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂರಬೇಕು. ಮಗು ನಗುತ್ತದೆ, ಕೈ ಚಾಚುತ್ತದೆ, ಸೋತು ಮುಖ ತಿರುಗಿಸುತ್ತದೆ. ತಾಯಿ ಮತ್ತೆ ನಕ್ಕರೆ ಸ್ವಲ್ಪ ಮುನಿಸಿಕೊಂಡೇ ವಾಪಸ್ ಬರುತ್ತದೆ. ಮಾಮೂಲಿ ಆಟದಲ್ಲೂ ತಾಯಿ ಮಗು ಎಷ್ಟೋ ಹೊತ್ತು ಒಬ್ಬರಿಗೊಬ್ಬರು ತಾಳೆಯಾಗುವುದಿಲ್ಲ ಎಂದು ಅವರು ಕಂಡುಕೊಂಡರು. ತಪ್ಪಿದ ತಾಳವನ್ನು ಮತ್ತೆ ಹಿಡಿಯುವುದೇ ಮುಖ್ಯ. ಕಾಯಿಲೆ ವಾಸಿಯಾದ ಮೇಲೆ ನೀವು ಮಗನನ್ನು ಎತ್ತಿಕೊಂಡಿರಿ ಅಲ್ವಾ?

ಇನ್ನು ನಿಮ್ಮ ಯಜಮಾನರ ಮಾತು. ಅರ್ಧ ಸರಿ. ಒಬ್ಬ ಮಗುವನ್ನು ನೀರಿಗೆ ತಳ್ಳುತ್ತಾನೆ, ಇನ್ನೊಬ್ಬ ಅದನ್ನು ಉಳಿಸಲು ಪ್ರಾಣ ಕೊಡುತ್ತಾನೆ. ಎರಡನ್ನೂ ಅಷ್ಟೇ ಸಲೀಸಾಗಿ ವಿವರಿಸುವ ಫ್ರಾಯ್ಡ್ ಸಿದ್ಧಾಂತವನ್ನು ಪರೀಕ್ಷಿಸುವುದು ಹೇಗೆ ಎಂದು ತತ್ವಜ್ಞಾನಿ ಕಾರ್ಲ್ ಪಾಪರ್ ಕೇಳಿದ್ದರು. ಪರೀಕ್ಷೆಗೆ ಸಿಕ್ಕ ಕೆಲವು ಮಾತು ಬಿದ್ದೂ ಹೋಗಿವೆ. ಮಲಮೂತ್ರದ ಶಿಸ್ತು ಕಲಿಸಿದ ರೀತಿಯಿಂದ ಮುಂದೆ ಜಿಪುಣತನ, ಹಟ ಬರುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಆದರೆ ನಮ್ಮ ಎಷ್ಟೋ ನಡೆಗೆ ಕಾರಣ ನಮಗೇ ಗೊತ್ತಿರುವುದಿಲ್ಲ, ಹಳೆಯ ಸಂಬಂಧಗಳು ಹೊಸದರಲ್ಲಿ ತಲೆಹಾಕುತ್ತವೆ, ಇವನ್ನು ಬೊಗಳೆ ಅನ್ನುವ ಹಾಗಿಲ್ಲ.

ಓದಲು ಫ್ರಾಯ್ಡ್‌ನಿಂದ ಶುರು ಮಾಡಬೇಡಿ. ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ ಅವರಿಂದ ಶುರು ಮಾಡಿ, ಅವರು ಮಕ್ಕಳ ವೈದ್ಯರೂ ಆಗಿದ್ದರು. 1940ರ ದಶಕದಲ್ಲಿ ಬಿಬಿಸಿ ರೇಡಿಯೊದಲ್ಲಿ ತಾಯಂದಿರ ಜೊತೆ ಮಾತಾಡಿದರು, ಆ ಮಾತುಗಳು ಪುಸ್ತಕವಾಗಿವೆ. ಎಲ್ಲ ಸರಿಯಾಗಿ ಮಾಡುವ ತಾಯಿ ಮಗುವಿಗೆ ಬೇಕಿಲ್ಲ, ತಕ್ಕಮಟ್ಟಿಗೆ ಮಾಡುವವಳು ಸಾಕು ಎಂದವರು ಅವರೇ. ಮುಂದಿನ ಪತ್ರದಲ್ಲಿ ಮಗನ ವಿಷಯ ಬರೆಯಿರಿ.