ಸಂಪಾದಕರ ಉತ್ತರ: ರಫೇಲ್ ಬರಲು ಹದಿಮೂರು ವರ್ಷ ಏಕೆ ಬೇಕಾಯಿತು?

ಮಾನ್ಯರೇ,

ವಾಯುಪಡೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ನೀವು ಬರೆದ ಪತ್ರದಲ್ಲಿ ಎರಡು ಆಕ್ಷೇಪಗಳಿವೆ. ಆರು ಯುದ್ಧವಿಮಾನಗಳಲ್ಲಿ ಒಂದನ್ನು, ಅಂದರೆ ಫ್ರಾನ್ಸಿನ ರಫೇಲನ್ನು, ಆರಿಸಿ ತರಲು 13 ವರ್ಷ ಹಿಡಿಯಿತೆಂದರೆ ಪರೀಕ್ಷೆಯ ಹೆಸರಿನಲ್ಲಿ ಕಾಲಹರಣವಾಗಿದೆ ಎನ್ನುವುದು ಮೊದಲನೆಯದು. 36 ರಫೇಲ್‌ಗಳಿಗೆ ಸುಮಾರು 59,000 ಕೋಟಿ ರೂಪಾಯಿ, ಅಂದರೆ ಒಂದಕ್ಕೆ 1,600 ಕೋಟಿಗೂ ಹೆಚ್ಚು ತೆತ್ತದ್ದು ಸರಿಯೇ ಎನ್ನುವುದು ಎರಡನೆಯದು. ಕಾಲಹರಣವಾದದ್ದು ನಿಜ. ಆದರೆ ಅದಕ್ಕೆ ಪರೀಕ್ಷೆಗಳನ್ನು ದೂರುವುದನ್ನು ನಾನು ಒಪ್ಪಲಾರೆ.

126 ವಿಮಾನಗಳ ಟೆಂಡರ್ ಹೊರಟದ್ದು 2007ರ ಆಗಸ್ಟ್‌ನಲ್ಲಿ. ಅಮೆರಿಕದ ಎಫ್-16 ಮತ್ತು ಎಫ್/ಎ-18, ರಷ್ಯಾದ ಮಿಗ್-35, ಸ್ವೀಡನ್ನಿನ ಗ್ರಿಪೆನ್, ಫ್ರಾನ್ಸಿನ ರಫೇಲ್ ಹಾಗೂ ಯುರೋಪಿನ ನಾಲ್ಕು ದೇಶಗಳು ಕೂಡಿ ಕಟ್ಟಿದ ಯೂರೋಫೈಟರ್ ಟೈಫೂನ್ ಕಣದಲ್ಲಿದ್ದವು. ನಮ್ಮ ನೆಲದಲ್ಲಿ ಇವುಗಳ ಹಾರಾಟ ಪರೀಕ್ಷೆಗೆ ಬೆಂಗಳೂರು, ಜೈಸಲ್ಮೇರ್ ಮತ್ತು ಲೇಹ್‌ಗಳನ್ನು ಆರಿಸಿದ್ದಕ್ಕೆ ಕಾರಣವಿದೆ. ಹತ್ತು ಸಾವಿರ ಅಡಿಗೂ ಎತ್ತರದಲ್ಲಿರುವ ಲೇಹ್‌ನ ತೆಳು ಗಾಳಿಯಲ್ಲಿ ಎಂಜಿನ್ನಿನ ಬಲ ಕುಗ್ಗುತ್ತದೆ, ರೆಕ್ಕೆಗೆ ಆಸರೆ ಕಡಿಮೆಯಾಗುತ್ತದೆ. ಕೊರೆಯುವ ಚಳಿಯಲ್ಲಿ ನಿಲ್ಲಿಸಿದ ಎಂಜಿನ್ನನ್ನು ಮತ್ತೆ ಹೊತ್ತಿಸುವುದೇ ಒಂದು ಪರೀಕ್ಷೆ. ಜೈಸಲ್ಮೇರಿನ ಬೇಸಿಗೆಯಲ್ಲಾದರೆ ರೇಡಾರ್ ಮತ್ತಿತರ ಎಲೆಕ್ಟ್ರಾನಿಕ್ ಉಪಕರಣಗಳನ್ನು ತಂಪಾಗಿಡುವ ವ್ಯವಸ್ಥೆಯ ಬಲಾಬಲ ಗೊತ್ತಾಗುತ್ತದೆ. ತಯಾರಕರ ಕರಪತ್ರವನ್ನು ಓದಿ ತಿಳಿಯುವ ಸಂಗತಿಗಳಲ್ಲ ಇವು. 2011ರ ಏಪ್ರಿಲ್‌ನಲ್ಲಿ ರಫೇಲ್ ಮತ್ತು ಟೈಫೂನ್ ಮಾತ್ರ ಉಳಿದವು. ಖರೀದಿಯ ಬೆಲೆಯ ಜೊತೆಗೆ ದಶಕಗಳ ಕಾಲ ಹಾರಿಸುವ, ದುರಸ್ತಿ ಮಾಡುವ ವೆಚ್ಚವನ್ನೂ ಲೆಕ್ಕ ಹಿಡಿದು 2012ರ ಜನವರಿಯಲ್ಲಿ ರಫೇಲ್ ಕಡಿಮೆ ಬೆಲೆಯದೆಂದು ತೀರ್ಮಾನವಾಯಿತು. ಇದಕ್ಕೆ ಹಿಡಿದದ್ದು ನಾಲ್ಕೂವರೆ ವರ್ಷ. ಇಡೀ ಪ್ರಕರಣದಲ್ಲಿ ಅತ್ಯಂತ ಶ್ರದ್ಧೆಯಿಂದ ನಡೆದ ಕೆಲಸ ಇದೇ ಎಂದು ನಾನು ನಂಬಿದ್ದೇನೆ.

ಗಾಡಿ ಹೂತುಕೊಂಡದ್ದು ಆಮೇಲೆ. 126ರಲ್ಲಿ 18 ವಿಮಾನಗಳು ಸಿದ್ಧವಾಗಿ ಬರಬೇಕು, ಉಳಿದ 108ನ್ನು ಬೆಂಗಳೂರಿನ ಸರ್ಕಾರಿ ವಿಮಾನ ಕಾರ್ಖಾನೆ ಎಚ್‌ಎಎಲ್ ಇಲ್ಲಿ ತಯಾರಿಸಬೇಕು ಎಂದಿತ್ತು. ಇಲ್ಲಿ ತಯಾರಾದ ವಿಮಾನದಲ್ಲಿ ದೋಷ ಕಂಡರೆ ಹೊಣೆ ಯಾರದು, ವಿನ್ಯಾಸ ಮಾಡಿದವರದೋ, ಜೋಡಿಸಿದವರದೋ? ಒಂದು ವಿಮಾನವನ್ನು ಕಟ್ಟಲು ಎಷ್ಟು ಗಂಟೆಗಳ ದುಡಿಮೆ ಬೇಕೆಂದು ಯಾರ ಲೆಕ್ಕದಂತೆ ಬೆಲೆ ಕಟ್ಟುವುದು? ಬೆಲೆಯ ಲಕೋಟೆ ತೆರೆಯುವ ಮೊದಲೇ ಇತ್ಯರ್ಥವಾಗಬೇಕಿದ್ದ ಈ ಎರಡು ಪ್ರಶ್ನೆಗಳ ಮೇಲೆ ಮೂರು ವರ್ಷ ಮಾತುಕತೆ ನಡೆದು ಮುರಿದುಬಿತ್ತು. 2015ರ ಏಪ್ರಿಲ್‌ನಲ್ಲಿ ಪ್ರಧಾನಿ ಪ್ಯಾರಿಸ್ಸಿನಲ್ಲಿ 36 ವಿಮಾನಗಳ ನೇರ ಖರೀದಿಯನ್ನು ಪ್ರಕಟಿಸಿದರು, ಹಳೆಯ ಟೆಂಡರ್ ರದ್ದಾಯಿತು, 2016ರ ಸೆಪ್ಟೆಂಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಮೊದಲ ಐದು ವಿಮಾನಗಳು ಹರಿಯಾಣದ ಅಂಬಾಲಾ ವಾಯುನೆಲೆಯಲ್ಲಿ ಇಳಿದಾಗ 2020ರ ಜುಲೈ 29. ಮಿಗ್-21, ಜಾಗ್ವಾರ್, ಸುಖೋಯ್-30ಗಳನ್ನು ಪರವಾನಗಿಯಡಿ ಕಟ್ಟಿದ ಎಚ್‌ಎಎಲ್ ಸಂಸ್ಥೆಯನ್ನು ಅಸಮರ್ಥವೆಂದು ಜರೆದವರೂ ಆಗ ಇದ್ದರು. ಆ ಕಾರ್ಖಾನೆಯ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಬೆಂಗಳೂರಿಗರ ಪೈಕಿ ನಾನೂ ಒಬ್ಬ. ಆ ಮಾತು ನನ್ನನ್ನು ನೋಯಿಸಿತು. ಎಡವಿದ್ದು ಕರಾರಿನ ಬರವಣಿಗೆಯಲ್ಲಿ.

ಇನ್ನು ಬೆಲೆ. 59,000 ಕೋಟಿಯನ್ನು 36ರಿಂದ ಭಾಗಿಸಿದರೆ ಒಂದು ವಿಮಾನದ ಬೆಲೆ ಸಿಗುವುದಿಲ್ಲ. ಆ ಮೊತ್ತದಲ್ಲಿ ಕ್ಷಿಪಣಿಗಳು, ಬಿಡಿಭಾಗಗಳು, ತರಬೇತಿ, ನಿರ್ವಹಣೆ, ನಮಗೆಂದೇ ಮಾಡಿಸಿಕೊಂಡ ಮಾರ್ಪಾಡುಗಳು ಎಲ್ಲವೂ ಸೇರಿವೆ. ಆದರೂ ನಿಮ್ಮ ಅಸಮಾಧಾನದಲ್ಲಿ ಹುರುಳಿದೆ. ಅಂಬಾಲಾ ಮತ್ತು ಪಶ್ಚಿಮ ಬಂಗಾಳದ ಹಾಸಿಮಾರಾ ಎರಡೂ ನೆಲೆಗಳಲ್ಲಿ ಹೊಸ ವಿಮಾನಕ್ಕೆ ಬೇಕಾದ ಅನುಕೂಲಗಳನ್ನು ಕಲ್ಪಿಸಿ, ಪ್ರತಿ ನೆಲೆಯಲ್ಲಿ ಒಂದೊಂದೇ ಸ್ಕ್ವಾಡ್ರನ್ (ವಿಮಾನಗಳ ತುಕಡಿ) ಇರಿಸಿದರೆ ಆ ವೆಚ್ಚ ಕೆಲವೇ ವಿಮಾನಗಳ ತಲೆಯ ಮೇಲೆ ಬೀಳುತ್ತದೆ. 126 ಬಂದಿದ್ದರೆ ಅದು ಹಂಚಿಹೋಗುತ್ತಿತ್ತು.

ಸ್ವದೇಶಿ ವಿಮಾನವನ್ನೇ ಕಟ್ಟಿದರೆ ಈ ತೊಂದರೆಯೇ ಇಲ್ಲವಲ್ಲ ಎಂದೂ ಕೇಳಿದ್ದೀರಿ. 1961ರಲ್ಲಿ ಬೆಂಗಳೂರಿನಲ್ಲಿ ಹಾರಿದ ಮಾರುತ್ ವಿಮಾನಕ್ಕೆ ತಕ್ಕ ಎಂಜಿನ್ ದೊರೆಯದೆ ಅದು ಉದ್ದೇಶಿತ ವೇಗವನ್ನು ಮುಟ್ಟಲಿಲ್ಲ. 2021ರಲ್ಲಿ 83 ತೇಜಸ್ ಮಾರ್ಕ್-1ಎಗಳಿಗೆ ಒಪ್ಪಂದವಾದ ಮೇಲೆ ಅಮೆರಿಕದಿಂದ ಬರಬೇಕಾದ ಎಂಜಿನ್‌ಗಳು ತಡವಾದವು. ತೇಜಸ್ ನಮ್ಮದೇ ಆದರೂ ಅದರ ಎಂಜಿನ್‌ಗಾಗಿ ನಾವು ಇನ್ನೂ ಪರರ ಬಾಗಿಲಲ್ಲಿದ್ದೇವೆ.

2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತವಾದ ಮೇಲೆ, 42 ಸ್ಕ್ವಾಡ್ರನ್‌ಗಳು ಇರಬೇಕಾದ ಕಡೆ 29 ಉಳಿದವು. ಇನ್ನೂ 114 ಯುದ್ಧವಿಮಾನಗಳ ಖರೀದಿಗಾಗಿ 2018ರಲ್ಲೇ ತಯಾರಕರಿಂದ ಮಾಹಿತಿ ಕೇಳಲಾಗಿತ್ತು. ಆ ಖರೀದಿಯ ವಿಷಯದಲ್ಲಿ ನಿಮ್ಮ ಸಂಸದರಿಗೆ ಪತ್ರ ಬರೆಯುವುದಾಗಿ ಹೇಳಿದ್ದೀರಿ, ದಯವಿಟ್ಟು ಬರೆಯಿರಿ. ಆದರೆ ಯಾವ ವಿಮಾನ, ಎಷ್ಟು ಬೆಲೆ ಎಂದಷ್ಟೇ ಕೇಳಬೇಡಿ. ಇಲ್ಲಿ ಜೋಡಿಸಿದ ವಿಮಾನಕ್ಕೆ ಖಾತರಿ ಯಾರು ಕೊಡುತ್ತಾರೆ, ನಮ್ಮದೇ ‘ಅಸ್ತ್ರ’ ಎಂಬ ಕ್ಷಿಪಣಿಯನ್ನು ಅದಕ್ಕೆ ಅಳವಡಿಸಲು ಪ್ರತಿ ಬಾರಿಯೂ ತಯಾರಕರ ಅನುಮತಿ ಬೇಕೇ, ಎಂಜಿನ್ನಿನ ದುರಸ್ತಿ ಎಲ್ಲಿ ನಡೆಯುತ್ತದೆ ಎಂದು ಕೇಳಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳುಹಿಸಿ, ಪ್ರಕಟಿಸುತ್ತೇವೆ.

— ಸಂಪಾದಕ