ಉತ್ತರ: ಒಣಗಿದ ತೊಗರಿ ಫೋಟೋದ ಕೆಳಗ ಅಂದ ಮಾತಿಗೆ ಮಾಫಿ ಹಿಂಗ ಕೇಳೋದಲ್ರಿ

ಅಣ್ಣಾರ, ಮುಂಜಾನೆ ನಮ್ಮ ತೊಗರಿ ರೈತರ ವಾಟ್ಸಾಪ್ ಗುಂಪಿನಾಗ ನೀವು ಹಾಕಿದ 'ಯಾರಿಗಾದ್ರೂ ಬ್ಯಾಸರ ಆಗಿದ್ರ ಕ್ಷಮಿಸ್ರಿ, ನಾ ಹೇಳಿದ್ದು ಒಳ್ಳೇದಕ್ಕೇ' ಅನ್ನೋದನ್ನ ಇನ್ನೊಮ್ಮೆ ಓದ್ರಿ. ಅದರಾಗ ಮಾಫಿ ಎಲ್ಲಿ ಅದ? ಆಳಂದ ಕಡಿ ಒಬ್ಬ ತಮ್ಮ ತನ್ನ ಹೊಲದಾಗ ಒಣಗಿದ ತೊಗರಿ ಫೋಟೋ ಹಾಕಿದ್ದಕ್ಕ ನೀವು 'ಬೀಜೋಪಚಾರ ಮಾಡದ ಸೋಮಾರಿ, ಇದು ನೆಟೆ, ಬಾವಿಸ್ಟಿನ್ ಹೊಡಿ, ಇಲ್ಲಂದ್ರ ಹೊಲ ಮಾರಿ ಕಲಬುರಗ್ಯಾಗ ಆಟೋ ಓಡ್ಸು' ಅಂದ್ರಿ. (ಬೀಜೋಪಚಾರ ಅಂದ್ರ ಬಿತ್ತೋಕಿಂತ ಮೊದ್ಲು ಬೀಜಕ್ಕ ಔಷಧ ಹಚ್ಚೋದು, ನೆಟೆ ಅಂದ್ರ ಗಿಡ ಬಾಡಿ ಒಣಗೋ ಶಿಲೀಂಧ್ರ ರೋಗ, ಬಾವಿಸ್ಟಿನ್ ಅಂದ್ರ ಶಿಲೀಂಧ್ರ ಕೊಲ್ಲೋ ಔಷಧ.) ನೋವಾಗಿದ್ದು 'ಯಾರಿಗಾದ್ರೂ' ಅಲ್ಲ, ಆ ಒಬ್ಬನಿಗೆ. ಬರೇ ಕೈ ಮುಗಿಯೋ ಇಮೋಜಿ, ಅದರ ಕೆಳಗ ವಚನದ ಫೋಟೋ ಫಾರ್ವರ್ಡ್ ಮಾಡಿದ್ರ ಲೆಕ್ಕ ಚುಕ್ತಾ ಆಗಲ್ಲ.

ಮೊದ್ಲು ಅವನಿಗೆ ಫೋನ್ ಹಚ್ರಿ. ಅವತ್ತೇ ಗುಂಪಿನಾಗೂ ಹಾಕ್ರಿ. ಬರೇ ಫೋನ್ ಮಾಡಿ ಮುಗಿಸಿದ್ರ, ನಿಮ್ಮ ಜೋಡಿ ನಕ್ಕ ಮಂದಿ ಅವನನ್ನ ಸೋಮಾರಿ ಅಂತೇ ತಿಳ್ಕೊಂಡಿರ್ತಾರ. ಗುಂಪಿನಾಗ ಹಾಕುವಾಗ ಹೊಸ ಮೆಸೇಜ್ ಬರಿಬ್ಯಾಡ್ರಿ. ನಿಮ್ಮ ಹಳೇ ಮೆಸೇಜನ್ನೇ ಬಲಕ್ಕ ಎಳೆದು ಅದಕ್ಕ ರಿಪ್ಲೈ ಮಾಡ್ರಿ, ಯಾವ ಮಾತಿಗೆ ಅಂತ ಎಲ್ಲರಿಗೂ ಕಾಣ್ತದ. ಇಷ್ಟು ಸಾಕು:

'ತಮ್ಮಾ, ನಿನಗ ಸೋಮಾರಿ ಅಂದೆ, ಹೊಲ ಮಾರು ಅಂದೆ. ಎರಡೂ ತಪ್ಪು. ನೆಟೆ ಅಂದಿದ್ದೂ ತಪ್ಪು, ಅದು ನೀರು ನಿಂತು ಬಂದ ರೋಗ. ಬಾವಿಸ್ಟಿನ್ ಯಾರೂ ಹೊಡಿಬ್ಯಾಡ್ರಿ. ಮಾಫಿ ಇರಲಿ.'

ಇಲ್ಲಿಗೇ ನಿಲ್ಲಿಸ್ರಿ. ಮುಂದ 'ಆದ್ರ ನೀನೂ...' ಅಂತ ಒಂದಕ್ಷರ ಬಂದ್ರ ಬರದದ್ದೆಲ್ಲಾ ನೀರಾಗ ಹೋಯ್ತು. ಮಾಫಿ ಕೇಳಿದ ಮ್ಯಾಲ ನೀಲಿ ಟಿಕ್ ನೋಡ್ಕೋತ ಕೂಡಬ್ಯಾಡ್ರಿ, 'ಮಾಫಿ ಮಾಡ್ದಿ ಇಲ್ಲೋ' ಅಂತ ಬೆನ್ನು ಹತ್ತಬ್ಯಾಡ್ರಿ. ಉತ್ತರ ಕೊಡೋದು ಬಿಡೋದು ಅವನಿಗೆ ಬಿಟ್ಟಿದ್ದು. ಟೈಪ್ ಮಾಡ್ಲಿಕ್ಕ ಬರದ ಹಿರಿಯರು ಧ್ವನಿ ಮೆಸೇಜ್ ಹಾಕಿದ್ರೂ ನಡಿತದ, ಅರ್ಧ ನಿಮಿಷದೊಳಗ ಮುಗಿಸ್ರಿ.

ಹಳೇದನ್ನ ಅಳಿಸಿಬಿಡ್ತೀನಿ ಅನ್ನಬ್ಯಾಡ್ರಿ. ವಾಟ್ಸಾಪಿನಾಗ ಎಡಿಟ್ ಮಾಡ್ಲಿಕ್ಕ 15 ನಿಮಿಷ ಅಷ್ಟೇ ಅದ. 'ನನಗೆ ಮಾತ್ರ ಅಳಿಸು' ಒತ್ತಿದ್ರ ನಿಮ್ಮ ಫೋನಿನಾಗ ಹೋಗ್ತದ, ಉಳಿದವರ ಫೋನಿನಾಗ ಹಂಗೇ ಇರ್ತದ. ಜಾತಿ, ಹೆಣ್ಮಕ್ಕಳು, ತೀರಿಕೊಂಡವರ ಸುದ್ದಿ ಎತ್ತಿದ ಮಾತಾಗಿದ್ರ ಮಾತ್ರ ಅಳಿಸಾಕೇ ಬೇಕು, ಅದೂ ಏನು ಅಳಿಸಿದೆ ಅಂತ ಹೇಳಿ. ನಗೋ ಇಮೋಜಿ ಒತ್ತಿದವರಿಗೂ ಒಂದು ಮಾತು: ಅದರ ಮ್ಯಾಲ ಇನ್ನೊಮ್ಮೆ ಒತ್ತಿದ್ರ ಹೋಗ್ತದ. ತೆಗೀರಿ.

ಈಗ ಬಾವಿಸ್ಟಿನ್ ಸುದ್ದಿ ಯಾಕಂದ್ರ, ಬೈಗಳಕ್ಕಿಂತ ಖರ್ಚಿನ ನುಕ್ಸಾನ ಅಲ್ಲೇ ಅದ. ಆ ತಮ್ಮ ಸಾಫ್ ಬರದಿದ್ದ: ತಳಿ ಟಿಎಸ್-3ಆರ್, ಬಿತ್ತಿ ಒಂದೂವರಿ ತಿಂಗಳು, ಮಳಿ ನಿಂತು ನಾಲ್ಕು ದಿನ, ತಗ್ಗಿನ ಕಡಿ ಸಾಲು ಪೂರಾ ಒಣಗ್ಯಾವ. ಟಿಎಸ್-3ಆರ್ ನೆಟೆ ತಡಿಯೋ ತಳಿ ಅಂತ ನಿಮಗೂ ಗೊತ್ತು. ಅದರಾಗ ತಗ್ಗಿನ ಸಾಲಷ್ಟೇ ಹೋಗ್ಯಾವಂದ್ರ ನೆಟೆ ಅನ್ನೋಕಿಂತ ಮೊದ್ಲು ಗಿಡ ಕಿತ್ತು ನೋಡಬೇಕಿತ್ತು. ನೆಟೆ ಆಗಿದ್ರ ಬುಡದಿಂದ ಮ್ಯಾಲಕ್ಕ ನೇರಳೆ ಪಟ್ಟಿ ಏರಿರ್ತದ. ಕಾಂಡ ಉದ್ದಕ್ಕ ಸೀಳಿದ್ರ ತೊಗಟಿ ಕೆಳಗ ಕರೀ ಕಂದು ಗೆರಿ ಕಾಣ್ತಾವ. ಅದರ ಜೋರು ಹೂವು, ಕಾಯಿ ಹೊತ್ತಿನಾಗ ಹೆಚ್ಚು. ಫೈಟಾಫ್ಥೊರಾ ಅಂಗಮಾರಿ ಅನ್ನೋ ಇನ್ನೊಂದು ರೋಗ ಬರೋದು ಎಳೀ ಗಿಡಕ್ಕ, ನೀರು ನಿಂತಲ್ಲಿ. ನೆಲದಿಂದ ಸ್ವಲ್ಪ ಮ್ಯಾಲ ಕಾಂಡದಾಗ ಕುಳಿ ಬಿದ್ದ ಕಂದು ಮಚ್ಚಿ ಇರ್ತದ, ಗಾಳಿ ಬಿಟ್ರ ಗಿಡ ಅಲ್ಲೇ ಮುರಿತದ. ಅವನ ಎರಡನೇ ಫೋಟೋದಾಗ ಆ ಮಚ್ಚಿ ಎದ್ದು ಕಾಣ್ತಿತ್ತು, ನೀವು ದೊಡ್ಡದು ಮಾಡಿ ನೋಡೇ ಇಲ್ಲ. ಈ ರೋಗಕ್ಕ ಬಾವಿಸ್ಟಿನ್, ಅಂದ್ರ ಕಾರ್ಬೆಂಡಜಿಮ್, ಯಾವ ಕಂಪನಿದು ತಂದ್ರೂ ಕೆಲಸ ಮಾಡಲ್ಲ. ಮೆಟಲಾಕ್ಸಿಲ್ ಇರೋ ಔಷಧ ಬೇಕು, ಅದೂ ಸುರುವಿನಾಗೇ. ಅದಕ್ಕೂ ಮೊದ್ಲು ಬಸಿಗಾಲುವೆ ತೆಗೆದು ನೀರು ಹೊರಗ ಹಾಕಬೇಕು. ಸತ್ತ ಗಿಡ ಯಾವ ಔಷಧಕ್ಕೂ ಏಳಲ್ಲ.

ಇನ್ನ ಮ್ಯಾಲ ಯಾರರ ಫೋಟೋ ಹಾಕಿದ್ರ ಬಾಯಿ ಬಿಡೋಕಿಂತ ಮೊದ್ಲು ಇವನ್ನ ಕೇಳ್ರಿ: ಇಳಿಜಾರು ಕಾಣೋಹಂಗ ಪೂರ್ತಿ ಹೊಲ, ಬುಡದ ಫೋಟೋ, ಸೀಳಿದ ಕಾಂಡ, ತಳಿ, ಬಿತ್ತಿದ ತಾರೀಖು. ಮಾರುತಿ ತಳಿ ಹಾಕೀನಿ ಅಂದ್ರ ಗೊಡ್ಡು ರೋಗದ (ಗಿಡ ಹೂವು, ಕಾಯಿ ಬಿಡದ ರೋಗ) ಕಡಿನೂ ಲಕ್ಷ್ಯ ಇರಲಿ, ಅದು ನೆಟೆ ತಡಿತದ, ಗೊಡ್ಡು ತಡಿಯಲ್ಲ. ಎರಡಕ್ಕೂ ತಡಕೊಳ್ಳೋದು ಆಶಾ ತಳಿ.

ಬೀಜೋಪಚಾರದ ಮಾತು ನೀವೇ ಎತ್ತಿದ್ರಿ ಅಂತ ಹೇಳ್ತೀನಿ: ಟ್ರೈಕೋಡರ್ಮಾ (ರೋಗ ತಡಿಯೋ ಒಳ್ಳೇ ಶಿಲೀಂಧ್ರ) ಕಿಲೋ ಬೀಜಕ್ಕ 4 ಗ್ರಾಂ, ನೆರಳಾಗ ಆರಿಸಿ ಬಿತ್ತೋದು. ಅದು ಜೀವ ಇರೋ ಪುಡಿ. ಪೊಟ್ಟಣದ ಮ್ಯಾಲ ತಾರೀಖು ನೋಡದೆ, ಅಂಗಡಿ ಮುಂದ ಬಿಸಿಲಾಗ ಇಟ್ಟಿದ್ದನ್ನ ಅಗ್ಗ ಅಂತ ತಂದ್ರ ಬರೇ ಪುಡಿ ಹಚ್ಚಿದಂಗ. ಅದರ ಜೋಡಿ ಅದೇ ದಿನ ಬಾವಿಸ್ಟಿನ್ನೂ ಹಚ್ಚೋರು ಈ ಗುಂಪಿನಾಗೇ ಅದಾರ. ಬಾವಿಸ್ಟಿನ್ ಟ್ರೈಕೋಡರ್ಮಾನ ಕೊಲ್ತದ್ರೀ. ನೆಟೆ ಬಿದ್ದ ಹೊಲದಾಗ ಮುಂದಿನ ವರ್ಷ ತೊಗರಿ ಬಿಟ್ಟು ಜ್ವಾಳ ಹಾಕ್ರಿ.

ಆ ತಮ್ಮ ಗುಂಪು ಬಿಟ್ಟು ಹೋಗ್ಯಾನಂತ ಈಗ ನೋಡಿದೆ. ಅಡ್ಮಿನ್ ಸಾಹೇಬ್ರ, ಅವನಿಗೆ ಕೇಳದೇ ವಾಪಸ್ ಸೇರಿಸಬ್ಯಾಡ್ರಿ. ಅಣ್ಣಾರು ಮೊದ್ಲು ಫೋನ್ ಮಾಡ್ಲಿ, ಗುಂಪಿನಾಗ ಬರದದ್ದರ ಸ್ಕ್ರೀನ್‌ಶಾಟ್ ಕಳಸ್ಲಿ, ಅವ ಹೂಂ ಅಂದ್ರ ಲಿಂಕ್ ಕೊಡ್ರಿ.